ಗಟಾರಕ್ಕೆ ಸುರಿದ ಕಾದ ನೀರು

ಶಹಾಪುರದ ಸರಕಾರಿ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ವರ್ಗವಾಗಿ ಬಂದಾಗ, ಬಾಡಿಗೆ ಕೋಣೆ ತೋರಿಸಿದವನಿಗೆ ನಾನು ಕೇಳಿದ ಮೊದಲ ಪ್ರಶ್ನೆ ನೀರು ಬರುತ್ತದೆಯೇ ಎಂಬುದಲ್ಲ, ಊಟ ಎಲ್ಲಿ ಸಿಗುತ್ತದೆ ಎಂಬುದು. ಯಾದಗಿರಿಯ ತುಂಬಿದ ಮನೆಯಲ್ಲಿ ರೊಟ್ಟಿ ಬಡಿದು ಬಡಿದು ನನಗೆ ಒಲೆಯ ಮುಖ ನೋಡುವುದೇ ಬೇಡವಾಗಿತ್ತು. ಗಂಡನ ನೌಕರಿ ಯಾದಗಿರಿಯಲ್ಲೇ. ಶನಿವಾರ ಮಧ್ಯಾಹ್ನ ನಾನು ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸು. ನಡುವಿನ ದಿನಗಳಲ್ಲಿ ನನ್ನ ಹೊಟ್ಟೆಯನ್ನು ಯಾರಾದರೂ ನೋಡಿಕೊಳ್ಳಬೇಕಿತ್ತು. ಕೋಣೆ ತೋರಿಸಿದವನು ನಕ್ಕು, "ಕೆಳಗ ನೋಡ್ರಿ ಮೇಡಂ" ಎಂದ. ಕೋಣೆಯ ಕೆಳಗೇ ಮಟನ್ ಖಾನಾವಳಿ ಇತ್ತು.

ಅದನ್ನು ನಡೆಸುತ್ತಿದ್ದ ಹೆಂಗಸನ್ನು ಓಣಿಯವರೆಲ್ಲ ಖಾಲಾ ಅನ್ನುತ್ತಿದ್ದರು, ಎಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡ ಮೇಲೆ ಆಕೆಗಿದ್ದ ಬದುಕು ಆ ಖಾನಾವಳಿ ಒಂದೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಾದ್ದರಿಂದ ಸುರಪುರ, ಯಾದಗಿರಿ ಕಡೆಯ ಬಸ್ಸಿನ ಡ್ರೈವರುಗಳು, ಹತ್ತಿ ತಂದ ರೈತರು, ಅಡತಿ ಅಂಗಡಿಯ ಹಮಾಲರು ಮಧ್ಯಾಹ್ನ ಬಂದು ಸಾಲಾಗಿ ಕೂಡುತ್ತಿದ್ದರು. ಜ್ವಾರಿ ರೊಟ್ಟಿ, ಮೇಲೆ ಕೆಂಪಗೆ ಎಣ್ಣೆ ನಿಂತ ಸಾರು, ಒಂದು ಉಳ್ಳಾಗಡ್ಡಿ. ನನಗೆ ಮಾತ್ರ ಒಳಗಿನ ಕೋಣೆಯಲ್ಲಿ ಸ್ಟೂಲು ಹಾಕಿ, "ಬೇಟಾ, ಹಮಾಲರ ನಡುವ ಕೂತು ಉಣಬ್ಯಾಡ, ನಿನ್ನ ಪಾಲಿನ ತುಂಡೂ ಅವರ ಕೇಳ್ತಾರ" ಎಂದು ಬಡಿಸುತ್ತಿದ್ದಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಆಕೆಗೆ ಮೊದಲ ವಾರದಲ್ಲೇ ತಿಳಿದುಹೋಗಿತ್ತು. ಶಾಲೆಯಿಂದ ನಾನು ಮುಖ ಊದಿಸಿಕೊಂಡು ಬಂದರೆ ಮಾತಾಡಿಸದೆ ಮೊದಲು ತಾಟು ಇಡುತ್ತಿದ್ದಳು.

ಖಾಲಾಳ ತವರು ಸುರಪುರದಲ್ಲಿ ಬಾವರ್ಚಿಗಳ ಮನೆತನ. ಮದುವೆ, ದಾವತ್ತುಗಳಿಗೆ ದೊಡ್ಡ ದೊಡ್ಡ ದೇಗುಗಳಲ್ಲಿ ಬಿರಿಯಾನಿ ಬೇಯಿಸಿಕೊಡುವವರು. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ದಾವತ್ತು ಮುಗಿದು ದೇಗುಗಳನ್ನು ತೊಳೆದಾದ ಮೇಲೆ ಕೊನೆಗೆ ಒಂದು ದೇಗು ನೀರು ಕಾಯಿಸಿ, ಅಡುಗೆಯ ಹಿರಿಯರು ತಮ್ಮ ಕೈಯಾರೆ ಗಟಾರಕ್ಕೆ ಸುರಿಯಬೇಕು. ಆಮೇಲೇ ಅವರು ಕೈ ತೊಳೆದು ಊಟಕ್ಕೆ ಕೂಡುವುದು. ಚರಬಿಯ ಜಿಡ್ಡು ಬಿಟ್ಟುಹೋದರು ಎಂದು ಹಿಂದಿನಿಂದ ಯಾರೂ ಆಡಿಕೊಳ್ಳಬಾರದು. ಖಾಲಾ ಶಹಾಪುರಕ್ಕೆ ಬಂದು ಖಾನಾವಳಿ ಇಟ್ಟ ಮೇಲೂ ಅದನ್ನು ಬಿಟ್ಟಿರಲಿಲ್ಲ. ದಿನಾ ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ಪಾತ್ರೆಗಳನ್ನು ಸಾಬೂನು ಪುಡಿ ಹಾಕಿ ತಿಕ್ಕಿಸಿ, ಕುದಿಯುವ ನೀರಿನ ಬೋಗಾಣಿಯನ್ನು ತಾನೇ ಎತ್ತಿ ಬಚ್ಚಲ ಬಾಯಿಗೆ ಸುರಿಯುತ್ತಿದ್ದಳು. ಎತ್ತುವಾಗ ಆಕೆಯ ಸೊಂಟ ನೋಯುತ್ತಿತ್ತು. "ನಾ ಎತ್ತಿಕೊಡ್ತೀನಿ ತಡೀರಿ" ಅಂದರೆ, "ನಕ್ಕೋ, ಬ್ಯಾಡ, ಇದು ನನ್ನ ಕೆಲಸ" ಅನ್ನುತ್ತಿದ್ದಳು.

ಪಕ್ಕದ ಮನೆಯವರು ತಹಶೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಓಣಿಗೆಲ್ಲ ಅವರು ಕಾಕಾ. ಮಾತು ಕಡಿಮೆ, ಆದರೆ ಆಡಿದರೆ ಕಡ್ಡಿ ಮುರಿದ ಹಾಗೆ. ಓಣಿಯ ಗಟಾರ ತೆರೆದಿದ್ದ ಕಾಲದಲ್ಲಿ ಅವರಿಗೂ ಖಾಲಾಳಿಗೂ ಏನೂ ತಕರಾರಿರಲಿಲ್ಲವಂತೆ. ನಾನು ಬರುವ ಕೆಲವು ವರ್ಷ ಮುಂಚೆ ಗಟಾರ ತೆಗೆದು ನೆಲದೊಳಗೆ ಪೈಪು ಹಾಕಿ, ಮೇಲೆ ಅಲ್ಲಲ್ಲಿ ಪರಸಿ ಕಲ್ಲು ಮುಚ್ಚಿದರು. ಓಣಿ ಚಂದ ಕಂಡಿತು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಕಾಕಾ ಅವರ ಬಚ್ಚಲಿನಿಂದ ನೀರು ಕೆಳಗೆ ಹೋಗುವುದು ಬಿಟ್ಟು ಮೇಲಕ್ಕೆ ಬರತೊಡಗಿತು. ಹೊಲಸು ವಾಸನೆ. ಅವರ ಹೆಂಡತಿ ಟವೆಲು, ಸೋಪಿನ ಡಬ್ಬಿ ಹಿಡಿದು ಎದುರು ಮನೆಗೆ ಸ್ನಾನಕ್ಕೆ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು, ಪಾಪ.

ಕಾಕಾ ಅವರ ಮಾತು ಒಂದೇ: ಇದು ಖಾನಾವಳಿಯ ಚರಬಿ. ಖಾಲಾಳ ಮಾತೂ ಒಂದೇ: ಪೈಪು ಹಾಕಿದ ವರ್ಷವೇ ಅವರು ಬಚ್ಚಲು ಒಡೆದು ಹೊಸದಾಗಿ ಕಟ್ಟಿಸಿದರು, ಆಗ ಬಿದ್ದ ಸುಣ್ಣ, ಸಿಮೆಂಟು ಪೈಪಿನಲ್ಲಿ ಕೂತಿದೆ. "ನಾನು ದಿನಾ ಕಾದ ನೀರು ಹಾಕ್ತೀನಿ. ಚರಬಿ ಹ್ಯಾಂಗ ನಿಲ್ತದ? ಇಡೀ ಓಣ್ಯಾಗ ನನ್ನಷ್ಟು ಸಾಫ್ ಯಾರದಾರ ಹೇಳ್ರಿ" ಎಂದು ಆಕೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಓಣಿಯವರು ಆಕೆಯ ಮಾತನ್ನೇ ನಂಬಿದ್ದರು, ಏಕೆಂದರೆ ಆ ನೀರು ಸುರಿಯುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಕಾಕಾ ಮನೆಯ ಹೊಸ ಬಚ್ಚಲಿಗೆ ಹುಡುಗರು ಅಡ್ಡಹೆಸರು ಕೂಡ ಇಟ್ಟಿದ್ದರು, ಅದನ್ನು ಇಲ್ಲಿ ಬರೆಯುವುದು ಬೇಡ. ನಾನೂ ಖಾಲಾಳ ಪಕ್ಷವೇ. ದಿನಾ ಎರಡು ಹೊತ್ತು ಉಂಡ ಅನ್ನಕ್ಕೆ ಅಷ್ಟಾದರೂ ಬೇಡವೇ.

ಕೊನೆಗೆ ಕಾಕಾ ಅರ್ಜಿ ಕೊಟ್ಟರು. ಊರಿನ ಚರಂಡಿ ನೋಡಿಕೊಳ್ಳುವ ಸಾಹೇಬರು ಒಂದು ದಿನ ಬೈಕಿನಲ್ಲಿ ಬಂದು, ಮೂಗಿಗೆ ಕರ್ಚೀಫು ಹಿಡಿದು ಎರಡೂ ಮನೆಯ ಬಚ್ಚಲು ನೋಡಿದರು. ಸಭ್ಯ ಮನುಷ್ಯ, ದನಿ ಏರಿಸಲಿಲ್ಲ. "ನೋಡ್ರಿ ಖಾಲಾ, ಮಂದಿ ಬಂದು ಪೈಪ್ ತೆಗದು ನೋಡ್ತಾರ. ನಿಮ್ಮ ಚರಬಿ ಅಂತ ಖಾತ್ರಿ ಆತಂದ್ರ ನಿಮ್ಮ ಕಡಿ ಪೈಪ್ ಬಂದ್ ಮಾಡ್ಬೇಕಾಗ್ತದ. ನನಗ ಬ್ಯಾರೆ ದಾರಿ ಇಲ್ಲ" ಎಂದು ಹೇಳಿ ಹೋದರು.

ಪೈಪು ಮುಚ್ಚಿದರೆ ತೊಳೆದ ನೀರು ಎಲ್ಲಿಗೆ ಹೋಗಬೇಕು? ನೀರು ಹೋಗಲು ದಾರಿಯಿಲ್ಲದ ಖಾನಾವಳಿಯನ್ನು ನಡೆಸುವುದು ಆಗದ ಮಾತು. ಅಂದು ಖಾಲಾ ನನಗೆ ಬಡಿಸುವಾಗ ಸಾರಿಗೆ ಉಪ್ಪೇ ಹಾಕಿರಲಿಲ್ಲ. ತಾಟು ಖಾಲಿ ಮಾಡಿ ಎದ್ದೆ.

ಇದೆಲ್ಲ ನಡೆಯುತ್ತಿದ್ದ ಹೊತ್ತಿಗೇ ನಾನು ಒಂಬತ್ತನೇ ತರಗತಿಗೆ ವಿಲೀನತೆ ಕಲಿಸುತ್ತಿದ್ದೆ. ಯಾವ ವಸ್ತು ಯಾವ ದ್ರವದಲ್ಲಿ ಎಷ್ಟು ಕರಗುತ್ತದೆ ಎಂಬ ಪಾಠ. ಪುಸ್ತಕದಲ್ಲಿ ಅದಕ್ಕೆ ಒಂದು ಕೋಷ್ಟಕವಿದೆ, ಅದನ್ನು ಓದಿಸಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಹಾಗಾಗಿ ಉಪ್ಪು, ಸಕ್ಕರೆ, ಅಡುಗೆಯ ಒಳ್ಳೆಣ್ಣೆ ಮತ್ತು ಖಾಲಾಳಿಂದ ಕೇಳಿ ತಂದ ಒಂದು ಮುದ್ದೆ ಕುರಿಯ ಚರಬಿ ಮೇಜಿನ ಮೇಲಿಟ್ಟೆ.

"ಉಪ್ಪು ನೀರಾಗ ಹಾಕಿದ್ರ?"

"ಕರಗ್ತದ್ರಿ."

"ಎಣ್ಣಿ?"

"ಇಲ್ರಿ, ಮ್ಯಾಲ ತೇಲ್ತದ್ರಿ."

"ಚರಬಿ?"

ಮೊದಲ ಬೆಂಚಿನ ಹುಡುಗಿ, ಯಾವಾಗಲೂ ನನ್ನ ಮಾತಿಗೆ ತನ್ನದೊಂದು ಮಾತು ಸೇರಿಸುವವಳು, ಎದ್ದು ನಿಂತಳು. "ತಣ್ಣೀರಾಗ ಕರಗಂಗಿಲ್ರಿ ಟೀಚರ್, ಕಾದ ನೀರಾಗ ಕರಗ್ತದ್ರಿ. ನಮ್ಮವ್ವ ದಿನಾ ಹಂಗ ಭಾಂಡೆ ತಿಕ್ತಾಳ್ರಿ." ಇಡೀ ತರಗತಿ ಹೌದ್ರಿ, ಹೌದ್ರಿ ಎಂದಿತು. ದೇವಾಪುರದಿಂದ ಬಸ್ಸಿನಲ್ಲಿ ಬರುವ ಮಕ್ಕಳು, ಊರಿನ ಮಕ್ಕಳು, ಎಲ್ಲರ ಮನೆಯಲ್ಲೂ ಹಾಗೇ. ಸರಿ, ನೋಡೇಬಿಡೋಣ ಎಂದು ಬಿಸಿಯೂಟದ ಕೋಣೆಯಿಂದ ಕುದಿಯುವ ನೀರು ತರಿಸಿ ಗಾಜಿನ ಲೋಟಕ್ಕೆ ಹಾಕಿ ಚರಬಿ ಬಿಟ್ಟೆ. ಕಲಕಿದಾಗ ಬಿಳಿ ಮುದ್ದೆ ಮಾಯವೇ ಆಯಿತು. ಹುಡುಗಿ ನನ್ನತ್ತ ನೋಡಿ ನಕ್ಕಳು. ನಾನು ಲೋಟವನ್ನು ಕಿಟಕಿಯಲ್ಲಿಟ್ಟು, ಪಕ್ಕದಲ್ಲೇ ಬಿಸಿನೀರಿನಲ್ಲಿ ಉಪ್ಪು ಕದಡಿದ ಇನ್ನೊಂದು ಲೋಟ ಇಟ್ಟು, ಬಿಡುವಿನ ಗಂಟೆ ಹೊಡೆದ ಮೇಲೆ ಬನ್ನಿ ಎಂದೆ. ಜನವರಿಯ ಬೆಳಗು, ತಂಪು ಗಾಳಿ ಬೀಸುತ್ತಿತ್ತು.

ಬಿಡುವಿನಲ್ಲಿ ಬಂದು ನೋಡಿದಾಗ ಉಪ್ಪಿನ ಲೋಟ ಇದ್ದ ಹಾಗೇ ಇತ್ತು. ಚರಬಿಯ ಲೋಟದ ಮೇಲೆ ಬಿಳಿ ಬಿಲ್ಲೆ ಕೂತಿತ್ತು. ಹುಡುಗಿ ಅದನ್ನು ಬೆರಳಿನಿಂದ ಒತ್ತಿದಳು, ಒಡೆಯಲಿಲ್ಲ. "ನೀರಿನಲ್ಲಿ ಕರಗಿದ್ದರೆ ತಣ್ಣಗಾದ ಮೇಲೂ ಉಪ್ಪಿನ ಹಾಗೆ ನೀರಿನಲ್ಲೇ ಇರಬೇಕಿತ್ತು. ಇದು ಕಾವಿಗೆ ತೆಳ್ಳಗಾಗಿತ್ತು, ಅಷ್ಟೇ. ಕಾವು ಹೋಯಿತು, ತನ್ನ ಜಾಗ ಹಿಡಿಯಿತು" ಎಂದು ನಾನು ವಿವರಿಸುತ್ತ ಹೋದೆ. ಹಿಂದಿನ ಬೆಂಚಿನಿಂದ ಒಬ್ಬ, "ಮತ್ತ ಚರಬಿ ಯಾದ್ರಾಗೂ ಕರಗಂಗಿಲ್ಲೇನ್ರಿ?" ಎಂದ. ಕರಗುತ್ತದೆ, ಸೀಮೆಎಣ್ಣೆಯಲ್ಲಿ ಕರಗುತ್ತದೆ ಎಂದು ಅದನ್ನೂ ಮಾಡಿ ತೋರಿಸಿದೆ. "ಹಂಗಾದ್ರ ಗಟಾರಕ್ಕ ಸೀಮಿಎಣ್ಣಿ ಸುರದ್ರ ಆತಲ್ರಿ" ಎಂದ ಆತ. ಹೌದಪ್ಪ, ಆಮೇಲೆ ಯಾರೋ ಬೀಡಿ ಸೇದಿ ಕಡ್ಡಿ ಒಗೆಯಲಿ, ಇಡೀ ಓಣಿಗೆ ದೀಪಾವಳಿ ಎಂದೆ. ಮಕ್ಕಳು ನಕ್ಕರು. ನನ್ನ ತಲೆ ಮಾತ್ರ ಗಟಾರ ಎಂಬ ಮಾತಿನಲ್ಲೇ ನಿಂತುಬಿಟ್ಟಿತ್ತು.

ಬೋಗಾಣಿಯಿಂದ ಸುರಿದ ಕಾದ ನೀರು ಖಾಲಾಳ ಬಚ್ಚಲಿನಲ್ಲಿ ಚರಬಿಯನ್ನು ನಿಲ್ಲಗೊಡುವುದಿಲ್ಲ, ನಿಜ. ಅಲ್ಲಿಂದ ಅದು ಓಡುತ್ತದೆ. ನೆಲದೊಳಗಿನ ತಣ್ಣನೆಯ ಪೈಪಿನಲ್ಲಿ ಕಾವು ಎಲ್ಲಿ ಮುಗಿಯುತ್ತದೋ ಅಲ್ಲಿ ಕೂಡುತ್ತದೆ. ಖಾಲಾಳ ಬಚ್ಚಲಿನಿಂದ ಪೈಪು ಇಳಿದು ತಿರುಗುವುದು ಕಾಕಾ ಅವರ ಗೋಡೆಯ ಕೆಳಗೆ. ಸುರಪುರದ ದಾವತ್ತುಗಳಲ್ಲಿ ಗಟಾರ ತೆರೆದಿತ್ತು. ಹೆಪ್ಪುಗಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು, ಮರುದಿನ ಕೆರೆದು ತೆಗೆಯುತ್ತಿದ್ದರು, ಬಿಸಿಲಿಗೆ ಒಣಗುತ್ತಿತ್ತು, ನಾಯಿಗಳೂ ನೆಕ್ಕುತ್ತಿದ್ದವು. ಮುಚ್ಚಿದ ಪೈಪಿನಲ್ಲಿ ಅದನ್ನು ಕಂಡವರಾರು? ಆಕೆ ಸೊಂಟ ನೋಯಿಸಿಕೊಂಡು ಮಾಡುತ್ತಿದ್ದ ಆ ಶುದ್ಧದ ಕೆಲಸವೇ ಪಕ್ಕದ ಮನೆಯ ಹೆಂಗಸನ್ನು ಟವೆಲು ಹಿಡಿದು ಎದುರು ಮನೆಗೆ ಕಳಿಸುತ್ತಿತ್ತು. ಇದನ್ನು ಆಕೆಗೆ ಹೇಳುವುದು ಹೇಗೆ?

ಎರಡು ದಿನ ಹೇಳಲಿಲ್ಲ. ಹೇಳಿದರೆ ಆಕೆಯ ಮಾನಕ್ಕೆ ಕೈ ಹಾಕಿದ ಹಾಗೆ, ಹೇಳದಿದ್ದರೆ ಪೈಪು ಮುಚ್ಚುತ್ತಾರೆ. ಮೂರನೆಯ ದಿನ, ಬಂದದ್ದು ಬರಲಿ ಎಂದು, ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪಿನ ಒಂದು ತುಂಡು ತಂದೆ. ಅಂಥ ಪೈಪಿನ ಪ್ರಯೋಗವನ್ನು ಮಕ್ಕಳ ಮುಂದೆ ಆಗಲೇ ಒಮ್ಮೆ ಮಾಡಿ ನೋಡಿದ್ದೆ. ಆಗ ಪೈಪು ಕಟ್ಟಿಕೊಂಡು ಜಿಡ್ಡಿನ ನೀರೆಲ್ಲ ನನ್ನ ಸೀರೆಯ ಮೇಲೆ ಉಕ್ಕಿ, ತರಗತಿಗೆ ಹಬ್ಬವಾಗಿತ್ತು. ಗಿರಾಕಿ ಖಾಲಿಯಾದ ಹೊತ್ತು ನೋಡಿ ಖಾಲಾಳ ಮುಂದೆ ಕೂತೆ. ಪೈಪಿನ ಒಂದು ತುದಿ ಎತ್ತರಕ್ಕೆ, ಇನ್ನೊಂದು ತುದಿ ಬಕೀಟಿಗೆ, ನಡುವೆ ಬಾಗಿದ ಜಾಗಕ್ಕೆ ತೊಯ್ಸಿದ ಬಟ್ಟೆ ಸುತ್ತಿ ತಣ್ಣೀರು ಹನಿಸುತ್ತ ಹೋದೆ.

"ಏನ್ ಆಟ ಇದು?" ಎಂದಳು ಖಾಲಾ.

"ನೀವು ಸುರಿಯೋ ನೀರು ಸುರೀರಿ ಇದರಾಗ. ನಿಮ್ಮ ಕೈಯಿಂದನ ಸುರೀರಿ."

ಆಕೆ ಜಿಡ್ಡಿನ ಭಾಂಡೆ ತೊಳೆದ ಕಾದ ನೀರು ಸುರಿದಳು. ಮೊದಲ ಸಲ ಸರಾಗ ಹರಿಯಿತು. ಆಕೆ ಹುಬ್ಬೇರಿಸಿ ನೋಡಿದಳು. ಮತ್ತೆ ಸುರಿದಳು, ಮತ್ತೆ. ಬಟ್ಟೆ ಬಿಚ್ಚಿ ತೋರಿಸಿದೆ. ಬಾಗಿದ ಜಾಗದಲ್ಲಿ ಒಳಗೋಡೆಗೆ ಬೆಳ್ಳಗೆ ಮೆತ್ತಿಕೊಂಡಿತ್ತು. ಮೇಲಿನ ತುದಿ, ಆಕೆ ಸುರಿಯುವ ತುದಿ, ಕನ್ನಡಿಯಷ್ಟು ಸ್ವಚ್ಛ.

ಖಾಲಾ ಆ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ದಡದಡ ಇಡತೊಡಗಿದಳು. ಮರುದಿನ ನನ್ನ ತಾಟಿಗೆ ಸಾರಿನಲ್ಲಿ ಬರೀ ಎಲುಬು ಬಂತು. ಅದರ ಮರುದಿನವೂ ಎಲುಬೇ. ನನಗೂ ಸಿಟ್ಟು ಬಂತು, ನಾನೂ ಮಾತಾಡಲಿಲ್ಲ. ಒಂದೇ ಕೋಣೆಯಲ್ಲಿ ಆಕೆ ಬಡಿಸುವುದು, ನಾನು ಉಣ್ಣುವುದು, ಇಬ್ಬರ ಬಾಯಿಗೂ ಬೀಗ.

ಮೌನ ಮುರಿದದ್ದು ಆಕೆಯೇ. ಶನಿವಾರ ನಾನು ಚೀಲ ಹಿಡಿದು ಇಳಿಯುವಾಗ ಬಾಗಿಲಿಗೆ ಅಡ್ಡ ನಿಂತಳು. "ಆ ಪೈಪ್ ಎಲ್ಲಿ ಇಟ್ಟೀ? ಇನ್ನೊಮ್ಮಿ ತೋರಿಸು." ಬಸ್ಸು ತಪ್ಪಿದರೆ ತಪ್ಪಲಿ ಎಂದು ಮತ್ತೆ ಮಾಡಿ ತೋರಿಸಿದೆ. ಈ ಸಲ ಆಕೆಯೇ ಕೇಳಿದಳು: "ನಾನು ಸಾಬೂನು ಪುಡಿ ಮುಷ್ಟಿಗಟ್ಟಲೆ ಹಾಕ್ತೀನಲ್ಲ. ಸಾಬೂನಿಗಿ ಚರಬಿ ಬಿಡಂಗಿಲ್ಲೇನು?" ಒಳ್ಳೆಯ ಪ್ರಶ್ನೆ. ಎರಡು ಬಾಟಲಿ ತರಿಸಿದೆ. ಒಂದರಲ್ಲಿ ಕುಡಿಯುವ ಫಿಲ್ಟರ್ ನೀರು, ಇನ್ನೊಂದರಲ್ಲಿ ಓಣಿಯ ಬೋರಿನ ಸವಳು ನೀರು. ಎರಡಕ್ಕೂ ಸಾಬೂನಿನ ಚೂರು ಹಾಕಿ ಅಲ್ಲಾಡಿಸಿದಾಗ ಮೊದಲನೆಯದರಲ್ಲಿ ಬುರುಗು ಎದ್ದಿತು. ಸವಳು ನೀರಿನಲ್ಲಿ ಬುರುಗೇ ಇಲ್ಲ, ಬರೀ ಒಡೆದ ಹಾಲಿನಂಥ ಬಿಳಿ ಚೂರು. ಸಾಬೂನು ಚರಬಿಯನ್ನು ಸಣ್ಣ ಹನಿ ಮಾಡಿ ನೀರಿನೊಡನೆ ಒಯ್ಯುತ್ತದೆ, ನಿಜ. ಆದರೆ ನಮ್ಮ ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನನ್ನೇ ಹಿಡಿದು ಹೀಗೆ ಗಸಿ ಮಾಡಿಬಿಡುತ್ತದೆ. ಅದು ಕಾದ ನೀರಿನಲ್ಲೂ ಕರಗುವುದಿಲ್ಲ. ಚರಬಿಯ ಮೇಲೆ ಅದು ಕೂತು ಕೂತು ಒಣಗಿದರೆ ಗಟ್ಟಿ ಗಾರೆಯಾಗುತ್ತದೆ. ಇದನ್ನೆಲ್ಲ ಹೇಳಿದೆ. ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಮತ್ತ ಈಗ ಏನ್ ಮಾಡ್ಲಿ ಹೇಳು" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಆ ಸೋಮವಾರದಿಂದ ಖಾನಾವಳಿಯಲ್ಲಿ ಕೆಲಸದ ರೀತಿ ಬದಲಾಯಿತು. ಭಾಂಡೆಗೆ ನೀರು ಮುಟ್ಟಿಸುವ ಮುಂಚೆ ಒಲೆಯ ಬೂದಿ ಉದುರಿಸಿ, ಹಳೆಯ ಪೇಪರಿನಿಂದ ಜಿಡ್ಡನ್ನು ಒಣದಾಗಿಯೇ ಒರೆಸಿ ತಿಪ್ಪೆಗೆ ಹಾಕುವುದು. ತೊಳೆಯಲು ತಣ್ಣೀರೇ. ಕಾದ ನೀರಿನ ಬೋಗಾಣಿಯನ್ನು ಬಿಡುವುದು ಮಾತ್ರ ಆಕೆಗೆ ಬಹಳ ಕಷ್ಟವಾಯಿತು. ಮಧ್ಯಾಹ್ನ ಅದೇ ಹೊತ್ತಿಗೆ ಎದ್ದು ಒಲೆಯ ಹತ್ತಿರ ಹೋಗಿ, ನೆನಪಾಗಿ, ಸುಮ್ಮನೆ ಬಂದು ಕೂಡುತ್ತಿದ್ದಳು. "ಕೈ ತೊಳೀಲಾರದ ಉಂಡಂಗ ಆಗಾಕತ್ತದ ಬೇಟಾ" ಎಂದಳು ಒಮ್ಮೆ.

ಒರೆಸಿದರೂ ಸ್ವಲ್ಪ ಚರಬಿ ಉಳಿದೇ ಉಳಿಯುತ್ತದೆ. ಅದಕ್ಕೊಂದು ತೊಟ್ಟಿ ಬೇಕಿತ್ತು. ತೊಟ್ಟಿಯನ್ನು ತರಗತಿಯಲ್ಲಿ ಪಾಠವಾಗಿಯೇ ಕೊಟ್ಟೆ: ಚರಬಿ ನೀರಿನಲ್ಲಿ ಕರಗುವುದಿಲ್ಲ, ನೀರಿಗಿಂತ ಹಗುರ, ಈ ಎರಡು ಮಾತಿನಿಂದ ನೀರನ್ನು ಬಿಟ್ಟು ಚರಬಿಯನ್ನು ಹಿಡಿಯುವ ಡಬ್ಬಿಯ ಚಿತ್ರ ಬರೆಯಿರಿ. ಜರಡಿ ಬರೆದವರು ಬಹಳ. ಮೊದಲ ಬೆಂಚಿನ ಹುಡುಗಿ ಮಾತ್ರ ನೀರು ಹೊರಹೋಗುವ ತೂತನ್ನು ಮೇಲೆ ಬರೆದು, ಅಳಿಸಿ, ಕೆಳಗೆ ಬರೆದಳು. ಚರಬಿ ಮೇಲೆ ತೇಲುತ್ತ ನಿಲ್ಲಲಿ, ನೀರು ಅಡಿಯಿಂದ ಎದ್ದು ಹೋಗಲಿ. ಅಷ್ಟೇ ಅದರ ಗುಟ್ಟು. ಖಾಲಾಳ ಬಚ್ಚಲಿನ ಹೊರಗೆ, ಪೈಪು ಸೇರುವ ಮುಂಚಿನ ಜಾಗದಲ್ಲಿ ಹೊಂಡ ತೋಡಿಸಿ ನಾಲ್ಕು ಕಡೆ ಒಡೆದ ಪರಸಿ ಕಲ್ಲು ನಿಲ್ಲಿಸಿ, ಸಂದಿಗೆ ಮಣ್ಣು ಮೆತ್ತಿ, ಒಂದು ಬಾಗಿದ ಪೈಪು ಕೂಡಿಸಿದೆವು. ಖಾಲಾ ದಿನಾ ಬೆಳಿಗ್ಗೆ ಜಾಲರಿ ಸೌಟಿನಿಂದ ಮೇಲಿನ ಕೆನೆಯಂಥ ಜಿಡ್ಡು ತೆಗೆದು ಬೂದಿಯಲ್ಲಿ ಕಲಸಿ ಒಗೆಯುತ್ತಿದ್ದಳು.

ಇನ್ನು ಮುಂದೆ ಚರಬಿ ಹೋಗುವುದಿಲ್ಲ, ಸರಿ. ಹಿಂದೆ ಹೋದದ್ದು? ಅದು ಕಾಕಾ ಅವರ ಗೋಡೆಯ ಕೆಳಗೇ ಇತ್ತು. ಅವರ ಬಚ್ಚಲು ಉಕ್ಕುತ್ತಲೇ ಇತ್ತು.

ಸಾಹೇಬರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಆ ವಾರ ನಾನು ಉತ್ತರಪತ್ರಿಕೆ ತಿದ್ದುವುದಿದೆ ಎಂದು ಯಾದಗಿರಿಗೆ ಹೋಗಿರಲಿಲ್ಲ. ಅವರೊಡನೆ ಇಬ್ಬರು ಆಳುಗಳು, ಒಬ್ಬ ಗೌಂಡಿ. ಮತ್ತೊಮ್ಮೆ ಬರುವ ಕೆಲಸ ಬೇಡವೆಂದು ಅವರು ಗೌಂಡಿಗೆ ಮೊದಲೇ ಹೇಳಿದ್ದರೇನೋ, ಆತ ಓಣಿಯ ಬದಿಯಲ್ಲಿ ಆಗಲೇ ಸಿಮೆಂಟು ಕಲಸುತ್ತ ಕೂತಿದ್ದ. ಅದನ್ನು ಕಂಡು ಖಾಲಾಳ ಮುಖ ಬಿಳಿಚಿತು. ಆಳುಗಳು ಕಾಕಾ ಅವರ ಮನೆಯ ಮುಂದಿನ ಪರಸಿ ಎತ್ತಿ, ಉದ್ದನೆಯ ಕಬ್ಬಿಣದ ಸರಳಿನಿಂದ ಪೈಪಿನೊಳಗೆ ಕುಟ್ಟತೊಡಗಿದರು. ಓಣಿಯವರೆಲ್ಲ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಒಳಗಿಂದ ಗಡ್ಡೆಗಳು ಬಂದವು. ಬೂದು ಬಿಳುಪು, ಗಟ್ಟಿ, ಕಲ್ಲಿನ ಮೇಲೆ ಬಿದ್ದರೆ ಠಕ್ ಎನ್ನುವಂಥವು.

ಸಾಹೇಬರು ಒಂದನ್ನು ಕಡ್ಡಿಯಿಂದ ಉರುಳಿಸಿ ನೋಡಿದರು. ಗೌಂಡಿಯೂ ಬಗ್ಗಿ ನೋಡಿದ. "ಇದು ಚರಬಿ ಅಲ್ರಿ ಸಾಹೇಬ್ರ. ಸುಣ್ಣದ ಗಾರಿ ಇದ್ದಂಗ ಅದ" ಎಂದ.

ಸಾಹೇಬರು ಖಾಲಾಳ ಬಚ್ಚಲಿನ ಕಡೆ ಹೋಗಿ ತೊಟ್ಟಿ ನೋಡಿದರು, ಅಲ್ಲಿಂದ ಹರಿಯುವ ನೀರು ನೋಡಿದರು. ತಿಳಿಯಾಗಿತ್ತು. ವಾಪಸು ಬಂದು ಕಾಕಾ ಅವರಿಗೆ ಹೇಳಿದರು: "ಖಾನಾವಳಿ ನೀರು ಸಾಫ್ ಅದ. ಇದು ನಿಮ್ಮ ಬಚ್ಚಲ ಕಟ್ಟೋವಾಗ ಬಿದ್ದ ಸುಣ್ಣ, ಸಿಮೆಂಟ್. ಬಚ್ಚಲ ನೆಲ ಒಡಿಸಿ ಹೊಸ ಪೈಪ್ ಹಾಕಸ್ರಿ. ಹಾಕಸೋತನಕ ನಿಮ್ಮ ಲೈನ್ ಬಂದ್ ಮಾಡ್ತೀನಿ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ಕಾಕಾ ಅವರ ಹೆಂಡತಿ ಒಳಗೆ ಹೋದರು.

ಆ ಗಡ್ಡೆ ಸುಣ್ಣವಲ್ಲ ಎಂದು ಆ ಓಣಿಯಲ್ಲಿ ಗೊತ್ತಿದ್ದವರು ಇಬ್ಬರೇ. ನನ್ನ ಎದೆ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ. ಖಾನಾವಳಿ ಉಳಿಯಿತು, ಇನ್ನು ಯಾರ ಬಾಯಿಂದಲೂ ಒಂದು ಮಾತು ಬರದಿದ್ದರೆ ಸಾಕು. ಸುಮ್ಮನಿರಿ ಎಂದು ಹೇಳಲು ಖಾಲಾಳ ಕಡೆ ತಿರುಗಿದೆ. ಆಕೆ ನನ್ನ ಪಕ್ಕದಲ್ಲಿರಲಿಲ್ಲ. ಆಗಲೇ ಮುಂದೆ ನಡೆದು, ನೆಲದ ಮೇಲಿದ್ದ ಒಂದು ಗಡ್ಡೆಯನ್ನು ಬರಿಗೈಯಲ್ಲಿ ಎತ್ತಿಕೊಂಡಿದ್ದಳು.

"ಸಾಹೇಬ್, ಇದು ಸುಣ್ಣ ಅಲ್ಲ. ನನ್ನ ಖಾನಾವಳಿ ಚರಬಿ ಇದು."

"ಖಾಲಾ, ನಿಮ್ಮ ನೀರು ನಾ ಈಗ ನೋಡೀನಿ."

"ಈಗಿಂದು ನೋಡೀರಿ. ಇದು ಮೊದಲಿಂದು. ಚರಬಿ, ಸಾಬೂನು, ನಮ್ಮ ಸವಳ ನೀರು, ಮೂರೂ ಕೂಡಿದ್ರ ಹಿಂಗ ಗಾರಿ ಆಗ್ತದ. ನಾ ದಿನಾ ಕಾದ ನೀರು ಹಾಕಿ ಹಾಕಿ ಇಲ್ಲಿತನಕ ನಾನ ಕಳಿಸೀನಿ. ಈ ಬೇಟಿ ನನಗ ಮಾಡಿ ತೋರಿಸ್ಯಾಳ. ಕೇಳ್ರಿ ಬೇಕಂದ್ರ."

ಓಣಿಯೆಲ್ಲ ನನ್ನ ಕಡೆ ತಿರುಗಿತು. ಹೌದ್ರಿ ಎಂದೆ.

ಸಾಹೇಬರಿಗೆ ಇದು ಇಕ್ಕಟ್ಟಾಯಿತು. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ನೀವ ಒಪ್ಪಿದ ಮ್ಯಾಲ ನಾ ಏನ್ ಮಾಡ್ಲಿ? ಅವತ್ತ ಹೇಳೀನಿ ನಿಮಗ. ಪೈಪ್ ಬಂದ್ ಮಾಡ್ಬೇಕಾಗ್ತದ."

"ಮಾಡ್ರಿ" ಎಂದಳು ಖಾಲಾ. "ಆದ್ರ ಅವರ ಬಚ್ಚಲ ಒಡಸಬ್ಯಾಡ್ರಿ. ಇಷ್ಟು ವರ್ಷ ಆ ಮನಿ ಮ್ಯಾಲ ನಾ ಆಡಿದ್ದು ಸುಳ್ಳು." ಆಮೇಲೆ ಕಾಕಾ ಅವರ ಹೊಸ್ತಿಲಿನ ಕಡೆ ತಿರುಗಿ, ಒಳಗೆ ಹೋಗಿದ್ದ ಹೆಂಗಸಿಗೆ ಕೇಳುವಷ್ಟು ಗಟ್ಟಿಯಾಗಿ, "ಬಾಯಾರ, ಮಾಫ್ ಮಾಡ್ರಿ" ಎಂದಳು.

ಗೌಂಡಿ ಸಿಮೆಂಟಿನ ಬುಟ್ಟಿ ಎತ್ತಿಕೊಂಡು ಖಾನಾವಳಿಯ ಕಡೆ ಹೊರಟ. ನನಗೆ ಸಿಟ್ಟು ಬಂತು. ಖಾಲಾಳ ಮೇಲೆ, ಸಾಹೇಬರ ಮೇಲೆ, ನನ್ನ ಪಾಠದ ಮೇಲೆ. ಕಲಿಸದೆ ಇದ್ದಿದ್ದರೆ ಆಕೆಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕಾಕಾ ಆ ವರೆಗೂ ತಮ್ಮ ಕಟ್ಟೆಯ ಮೇಲೇ ನಿಂತಿದ್ದರು. ಈಗ ಗೋಡೆ ಹಿಡಿದು ಮೆಲ್ಲಗೆ ಇಳಿದು, ಗೌಂಡಿಯನ್ನು ದಾಟಿ ಖಾಲಾಳ ಬಚ್ಚಲಿನ ಹತ್ತಿರ ಹೋದರು. ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡಿದರು. "ಇದೇನು ಆಪಾ?" ಎಂದರು, ಅಕ್ಕನನ್ನು ಕರೆಯುವ ಹಾಗೆ.

"ಚರಬಿ ಹಿಡಿಯೋ ತೊಟ್ಟಿ."

"ಹಿಡೀತದೇನು?"

"ಹಿಡೀತದ. ದಿನಾ ಮುಂಜಾನಿ ತೆಗೀತೀನಿ."

ಕಾಕಾ ಹೆಬ್ಬೆರಳಿನಿಂದ ಕಲ್ಲಿನ ಸಂದಿಯನ್ನು ಒತ್ತಿದರು. ಮಣ್ಣು ಉದುರಿತು. "ಮಣ್ಣು ಮೆತ್ತೀರಿ. ಮೊದಲ ಮಳಿಗಿ ಕುಸೀತದ ಇದು" ಎಂದು, ಹಿಂದೆ ಬಂದು ನಿಂತಿದ್ದ ಗೌಂಡಿಯ ಕಡೆ ಕತ್ತೆತ್ತಿ ನೋಡಿದರು. "ಸಿಮೆಂಟ್ ಕಲಸೀಯಲ್ಲ, ಒಣಗಾಕ ಬಿಡಬ್ಯಾಡ. ಇಲ್ಲಿ ಹಚ್ಚು."

ಗೌಂಡಿ ಸಾಹೇಬರನ್ನು ನೋಡಿದ.

"ಕಾಕಾ, ಅರ್ಜಿ ನಿಮ್ಮದ ಅದ" ಎಂದರು ಸಾಹೇಬರು.

"ನಂದ ಅದ. ನಾನ ಹೇಳಾಕತ್ತೀನಿ, ಹಚ್ಚಂತ ಹೇಳ್ರಿ."

ಸಾಹೇಬರು ತಲೆಯಾಡಿಸಿದರು. ಗೌಂಡಿ ಕೂತು ಕರಣಿ ಹಿಡಿದ. ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಖಾಲಾ ಬಾಗಿಲಿನ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಗಡ್ಡೆ ಇನ್ನೂ ಆಕೆಯ ಕೈಯಲ್ಲೇ ಇತ್ತು. ನಾನು ಅದನ್ನು ಬಿಡಿಸಿಕೊಂಡು ಪಕ್ಕದಲ್ಲಿ ಕೂತೆ. ಪೈಪು ಮುಚ್ಚಲೆಂದು ಕಲಸಿದ ಸಿಮೆಂಟು ತೊಟ್ಟಿಯ ನಾಲ್ಕೂ ಸಂದಿಗೆ ಸಾಕಾಯಿತು.